ನೂರ ನಲವತ್ತೆಂಟರ ಹೆಗಲು

ಸಾನ್ ಪ್ಲಾಸಿದೊ ಊರಿನ ಅಂಗಡಿಗಳ ಹೆಸರುಗಳು ಒಂದು ವರ್ಷದಿಂದ ಗೋಡೆಯ ಮೇಲೆ ಕೆಳಕೆಳಗೆ ಇಳಿಯುತ್ತಿದ್ದವು. ಗ್ವಾಟೆಮಾಲಾದಲ್ಲಿ ಭೂಕಂಪ ಹೊಸದೇನಲ್ಲ. ಆದರೆ ಭೂಕಂಪವಾಗಿದ್ದರೆ ಎಲ್ಲ ಹೆಸರುಗಳೂ ಒಟ್ಟಿಗೆ ಇಳಿಯುತ್ತಿದ್ದವು. ಇವು ಒಂದೊಂದಾಗಿ ಇಳಿದವು. ಮಾರ್ಚಿನಲ್ಲಿ ಬರೆದ ಔಷಧಿ ಅಂಗಡಿಯ ಹೆಸರು ಬಾಗಿಲಿನ ಮೇಲೆ ತನ್ನ ಜಾಗದಲ್ಲೇ ಇತ್ತು. ಜೂನಿನಲ್ಲಿ ಬರೆದ ಕ್ಷೌರದ ಅಂಗಡಿಯ ಹೆಸರು ಕಿಟಕಿಯ ಮಟ್ಟಕ್ಕೆ ಬಂತು. ನವೆಂಬರಿನಲ್ಲಿ ಬರೆದ ಬ್ರೆಡ್ಡಿನ ಅಂಗಡಿಯ ಹೆಸರನ್ನು ಓದಬೇಕಾದರೆ ಗಿರಾಕಿಯು ಬಗ್ಗಬೇಕಾಗಿತ್ತು, ಇಲ್ಲವೇ ನಾಯಿಯಾಗಿರಬೇಕಾಗಿತ್ತು.

ಇದಕ್ಕೆಲ್ಲ ಕಾರಣ ಊರಿಗೆ ಇದ್ದ ಒಬ್ಬನೇ ಬೋರ್ಡು ಬರೆಯುವವನಾದ ದೋನ್ ತೊರಿಬಿಯೊನ ಬಲ ಹೆಗಲು. ಅರವತ್ತಮೂರನೆಯ ವಯಸ್ಸಿನಲ್ಲಿ ಅದು ಬಿಗಿದುಕೊಂಡಿತು. ಕುಂಚ ಹಿಡಿದ ಕೈ ಮೊದಲು ಹಣೆಯವರೆಗೆ ಏಳುತ್ತಿತ್ತು, ಆಮೇಲೆ ಗಲ್ಲದವರೆಗೆ, ಆಮೇಲೆ ಎದೆಯವರೆಗೆ. ಏಣಿ ಹತ್ತಬಹುದಿತ್ತಲ್ಲ ಎಂದು ಕೆಲವರು ಕೇಳಿದರು. ಏಣಿ ಹಿಡಿಯುವುದಕ್ಕೂ ಒಂದು ಕೈ ಬೇಕು ಎಂಬುದು ಕೇಳುವವರಿಗೆ ಹೊಳೆಯುವುದಿಲ್ಲ.

ತೊರಿಬಿಯೊ ಗಿಡ್ಡ ಮನುಷ್ಯ. ಮದುವೆಯಾಗಿರಲಿಲ್ಲ. ಅಣ್ಣ ಸೆಫೆರಿನೊ ಮತ್ತು ಅತ್ತಿಗೆ ಒತೀಲಿಯಾ ಎರಡು ಮನೆಗಳಾಚೆ ಇದ್ದರು. ಊಟ ಅಲ್ಲಿ, ನಿದ್ದೆ ಇಲ್ಲಿ. ಅಣ್ಣನಿಗೆ ಎಪ್ಪತ್ತೊಂದು. ಅವನೂ ಗಿಡ್ಡನೇ, ಆದರೆ ಅವನನ್ನು ಯಾರೂ ಕುಳ್ಳ ಎಂದು ಕರೆಯುತ್ತಿರಲಿಲ್ಲ. ಕೆಲವರು ಗಿಡ್ಡವಾಗಿದ್ದರೂ ಅದು ಜನರ ಕಣ್ಣಿಗೆ ಬೀಳುವುದಿಲ್ಲ. ತೊರಿಬಿಯೊ ಮಾತ್ರ ಹುಟ್ಟಿದಂದಿನಿಂದ ಊರಿಗೆಲ್ಲ ಕುಳ್ಳ ತೊರಿಬಿಯೊ.

ಈಸ್ಟರಿಗೆ ಒಂದು ವಾರ ಮೊದಲು ಬರುವ ಗರಿಗಳ ಭಾನುವಾರ ಆ ಊರಿನಲ್ಲಿ ಶಿಲುಬೆ ಹೊತ್ತ ಯೇಸುಸ್ವಾಮಿಯ ಮೂರ್ತಿಯನ್ನು ಮರದ ದೊಡ್ಡ ಪಲ್ಲಕ್ಕಿಯಲ್ಲಿ ಮೆರವಣಿಗೆ ತರುತ್ತಾರೆ. ಒಂದೊಂದು ಪಕ್ಕಕ್ಕೆ ಮೂವತ್ತು ಜನ ಒಬ್ಬರ ಹಿಂದೊಬ್ಬರು ನಿಂತು ಹೆಗಲು ಕೊಡುತ್ತಾರೆ. ಒಂದು ಬೀದಿ ಮುಗಿದರೆ ಒಂದು ಸರದಿ ಮುಗಿಯಿತು. ಮುಂದಿನ ಮೂಲೆಯಲ್ಲಿ ಬೇರೆ ಅರವತ್ತು ಜನ ಕಾದಿರುತ್ತಾರೆ. ಎತ್ತರದವರೂ ಗಿಡ್ಡರೂ ಬೆರೆತರೆ ಭಾರವೆಲ್ಲ ಎತ್ತರದವರ ಮೇಲೆ ಬೀಳುತ್ತದೆ. ಆದ್ದರಿಂದ ಪ್ರತಿಯೊಬ್ಬನ ಹೆಗಲು ನೆಲದಿಂದ ಎಷ್ಟು ಮೇಲಿದೆ ಎಂದು ಅಳೆದು, ಒಂದೇ ಅಳತೆಯವರನ್ನು ಒಂದು ಸರದಿಗೆ ಹಾಕುವುದು ಹೊರುವವರ ಸಂಘದ ಕ್ರಮ. ಅಣ್ಣತಮ್ಮಂದಿರಿಬ್ಬರ ಹೆಗಲೂ ನೂರ ಮೂವತ್ತೊಂದು ಸೆಂಟಿಮೀಟರ್. ಹೀಗಾಗಿ ಮೂವತ್ತೆಂಟು ವರ್ಷಗಳಿಂದ ನಾಲ್ಕನೆಯ ಸರದಿಯಲ್ಲಿ, ಎಡಪಕ್ಕದಲ್ಲಿ, ಮುಂದೆ ಸೆಫೆರಿನೊ, ಅವನ ಹಿಂದೆಯೇ ತೊರಿಬಿಯೊ. ಮೂವತ್ತೆಂಟು ವರ್ಷ ತೊರಿಬಿಯೊ ದೇವರ ಭಾರದ ಕೆಳಗೆ ಅಣ್ಣನ ಕತ್ತಿನ ಹಿಂಭಾಗವನ್ನೇ ನೋಡಿಕೊಂಡು ನಡೆದಿದ್ದ. ಅಲ್ಲಿ ಕೂದಲು ಬೆಳ್ಳಗಾದದ್ದನ್ನು ಅವನೇ ಮೊದಲು ಕಂಡದ್ದು.

ಆ ನವೆಂಬರ್ ಕಳೆದು ಬಂದ ಜನವರಿಯಲ್ಲಿ ಸೆಫೆರಿನೊನ ಎದೆಯನ್ನು ಪರೀಕ್ಷೆ ಮಾಡಿದ ವೈದ್ಯರು ಇನ್ನು ಹೊರುವುದು ಬೇಡವೆಂದರು. ಅವನು ಒಪ್ಪಲಿಲ್ಲ. ಕೊನೆಗೆ ಅವರು, ಹಾಗಾದರೆ ಇದೊಂದು ಸಲ, ಇದೇ ಕೊನೆ, ಎಂದರು.

ಆ ದಿನ ಊಟಕ್ಕೆ ಕೂತಾಗ ಸೆಫೆರಿನೊ ತಮ್ಮನಿಗೆ ಹೇಳಿದ: "ನೋಡೋ, ನಂಗೆ ಬೇರೆ ಏನೂ ಬೇಡ. ಈ ಸಲ ನೀನು ನನ್ನ ಹಿಂದೆ ಇರ್ಬೇಕು. ನಿನ್ನ ಉಸಿರು ಕಿವಿಗೆ ಬೀಳ್ತಾ ಇದ್ರೆ ಸಾಕು, ನಾನು ಆ ಬೀದಿ ದಾಟಿಬಿಡ್ತೀನಿ."

"ಉಸಿರೇನು, ಬೇಕಾದ್ರೆ ಗೊರಕೇನೂ ಹೊಡೀತೀನಿ ಬಿಡಣ್ಣ."

"ತಮಾಷೆ ಬೇಡ. ನಿನ್ನ ಹೆಗಲು ಸರಿ ಮಾಡಿಸ್ಕೊ. ಇಲ್ಲದಿದ್ರೆ ಸಂಘದವರು ನಿನ್ನ ಹೆಸರು ಹೊಡೆದುಹಾಕ್ತಾರೆ."

ಹೀಗೆ ತೊರಿಬಿಯೊ ಆರೋಗ್ಯ ಕೇಂದ್ರದ ಹಿಂದಿನ ಕೋಣೆಗೆ ಹೋದ. ಅಲ್ಲಿ ಇರಾಸೆಮಾ ಎಂಬ ಹೆಣ್ಣುಮಗಳು ಕೈಕಾಲು ಬಿಗಿದವರಿಗೆ ವ್ಯಾಯಾಮ ಮಾಡಿಸುತ್ತಿದ್ದಳು. ಕೀಲು ಎಷ್ಟು ತಿರುಗುತ್ತದೆ ಎಂಬುದನ್ನು ಮೊದಲೆಲ್ಲ ಶಾಲೆಯ ಕೋನಮಾಪಕದಂಥ ಪ್ಲಾಸ್ಟಿಕ್ ಪಟ್ಟಿಯಿಂದ ಅಳೆಯುತ್ತಿದ್ದರಂತೆ. ಈಗ ಅವಳ ಹತ್ತಿರ ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಡಬ್ಬಿಯೊಂದಿತ್ತು. ಅದನ್ನು ರೋಗಿಯ ತೋಳಿಗೆ ಪಟ್ಟಿಯಿಂದ ಕಟ್ಟಿ ಕೈ ಎತ್ತಿಸಿದರೆ, ಎಷ್ಟು ಡಿಗ್ರಿ ಎದ್ದಿತು ಎಂಬ ಸಂಖ್ಯೆ ಅವಳ ಫೋನಿನಲ್ಲಿ ಮೂಡುತ್ತಿತ್ತು.

"ಎಷ್ಟು ಬಂತಮ್ಮ?"

"ಅರವತ್ತೆರಡು."

"ನೂರಕ್ಕಾ?"

"ಅಲ್ಲ, ನೂರ ಎಂಬತ್ತಕ್ಕೆ."

"ಹಾಗಾದ್ರೆ ಫೇಲು."

"ಇದು ಪರೀಕ್ಷೆ ಅಲ್ಲ ದೋನ್ ತೊರಿಬಿಯೊ."

"ಅಂಕ ಕೊಟ್ಮೇಲೆ ಪರೀಕ್ಷೇನೇ ಕಣಮ್ಮ."

ಮರುವಾರ ತೊರಿಬಿಯೊ ಸೊಂಟವನ್ನು ಹಿಂದಕ್ಕೆ ಬಾಗಿಸಿ, ತುದಿಗಾಲಲ್ಲಿ ನಿಂತು, ಮುಖವನ್ನು ಚಾವಣಿಗೆ ತಿರುಗಿಸಿ ತೊಂಬತ್ತೈದನ್ನು ಮುಟ್ಟಿದ. ಇರಾಸೆಮಾ ಅವನನ್ನು ಗೋಡೆಗೆ ಒರಗಿಸಿ ಮತ್ತೆ ಅಳೆದಳು. ಎಪ್ಪತ್ತೊಂದಾಯಿತು.

"ನಿಮ್ಮ ಡಬ್ಬಿಗೆ ನನ್ನ ಮೇಲೆ ಏನೋ ಸಿಟ್ಟು."

"ಡಬ್ಬಿಗೆ ನಿಮ್ಮ ಬೆನ್ನು ಬೇಡ, ಹೆಗಲು ಬೇಕು. ಮನೇಲಿ ದಿನಕ್ಕೆ ಮೂರು ಸಲ ಗೋಡೆ ಮೇಲೆ ಬೆರಳು ಹತ್ತಿಸಿ. ಮೋಸ ಮಾಡ್ಬೇಡಿ. ನಿಮಗೆ ನೀವೇ ಮೋಸ ಮಾಡ್ಕೊಂಡ ಹಾಗಾಗುತ್ತೆ."

ಆ ಮಾತನ್ನು ಅವಳು ಎಲ್ಲ ರೋಗಿಗಳಿಗೂ ಹೇಳುತ್ತಿದ್ದಳು. ತೊರಿಬಿಯೊ ಅದನ್ನು ಆಗ ಕೇಳಿಸಿಕೊಳ್ಳಲಿಲ್ಲ. ಕೇಳಿಸಿಕೊಂಡಿದ್ದರೆ ಈ ಕಥೆಯನ್ನು ಬರೆಯುವ ಕೆಲಸ ಇರುತ್ತಿರಲಿಲ್ಲ.

ಆದರೂ ಅವನು ನಿಷ್ಠೆಯಿಂದ ವ್ಯಾಯಾಮ ಮಾಡಿದನೆಂಬುದನ್ನು ಹೇಳಲೇಬೇಕು. ಸಂಖ್ಯೆ ಏರಿತು. ಪ್ರತಿ ಶುಕ್ರವಾರ ಆಸ್ಪತ್ರೆಯಿಂದ ಬರುವಾಗ ಅವನು ಬೀದಿಯುದ್ದಕ್ಕೂ ಸಂಖ್ಯೆಯನ್ನು ಸಾರಿಕೊಂಡು ಬರುತ್ತಿದ್ದ. ಮೂಲೆಯಲ್ಲಿ ತಮಾಲೆ ಎಂಬ ಜೋಳದ ಕಡುಬು ಮಾರುವ ದೋನ್ಯಾ ತಿಮೊತೆಯಾ ಮೊದಲ ಸಲ ಕೇಳಿ ಗಾಬರಿಯಾದಳು.

"ನೂರಾ ನಾಲ್ಕಾ? ಅಯ್ಯೋ ಪುಣ್ಯಾತ್ಮ, ಅಷ್ಟು ಜ್ವರ ಇಟ್ಕೊಂಡು ಬಿಸಿಲಲ್ಲಿ ಓಡಾಡ್ತಿದೀರಲ್ಲ!"

"ಜ್ವರ ಅಲ್ಲ ದೋನ್ಯಾ ತಿಮೊತೆಯಾ. ಹೆಗಲು."

"ಹೆಗಲಿಗೇ ಅಷ್ಟು ಜ್ವರ ಬಂದ್ರೆ ಮೈಗೆಷ್ಟು?"

ಅವಳಿಗೆ ವಿವರಿಸುವುದಕ್ಕೆ ಎರಡು ತಮಾಲೆ ತಿನ್ನುವಷ್ಟು ಹೊತ್ತು ಹಿಡಿಯಿತು. ವಿವರ ತಿಳಿದ ಮೇಲೆ ಅವಳೇ ಊರಿಗೆ ಪ್ರಚಾರ ಮಾಡಿದಳು. ಬೀದಿಯ ಗಂಡಸರು ತಮ್ಮ ತಮ್ಮ ಕೈ ಎತ್ತಿ ನೋಡಿಕೊಳ್ಳತೊಡಗಿದರು. ಕ್ಷೌರಿಕನು ಕತ್ತರಿ ಹಿಡಿದ ಕೈಯನ್ನೇ ಎತ್ತಿ, "ನಂದು ಎಷ್ಟಿರಬಹುದು?" ಎಂದು ಕೇಳಿದಾಗ ಕುರ್ಚಿಯಲ್ಲಿದ್ದ ಗಿರಾಕಿ ಎದ್ದು ಓಡಿದನಂತೆ. ತೊರಿಬಿಯೊನ ಸಂಖ್ಯೆ ಏರುತ್ತಲೇ ಹೋಯಿತು: ನೂರ ಹದಿನೆಂಟು, ನೂರ ಮೂವತ್ತು, ನೂರ ನಲವತ್ತು. ಬ್ರೆಡ್ಡಿನ ಅಂಗಡಿಯವಳಂತೂ, ನೂರ ಐವತ್ತಾದ ದಿನ ಬಂದು ನನ್ನ ಅಂಗಡಿಯ ಹೆಸರನ್ನು ನೆಲದಿಂದ ಎಬ್ಬಿಸಿಕೊಡು ಎಂದು ಕೇಳಿಕೊಂಡಳು. ಬದುಕಿನಲ್ಲಿ ಮೊದಲ ಬಾರಿಗೆ ಕುಳ್ಳ ತೊರಿಬಿಯೊನ ವಿಷಯದಲ್ಲಿ ಏನೋ ಒಂದು ಮೇಲೆ ಹೋಗುತ್ತಿತ್ತು. ಅದು ಅವನ ತಲೆಗೂ ಹೋಯಿತು.

ಮಾರ್ಚ್ ಮೊದಲ ವಾರ ಸಂಘದಲ್ಲಿ ಹೆಸರು ಬರೆಸುವುದು ಶುರುವಾಯಿತು. ಕಾರ್ಯದರ್ಶಿ ದೋನ್ ವಿತಾಲಿನೊ ಆ ವರ್ಷ ಕಂಪ್ಯೂಟರ್ ತರಿಸಿದ್ದರು. ಹಳೆಯ ಅಳತೆಗಳೆಲ್ಲ ಅದರೊಳಗೆ ಹೋಗಿದ್ದವು. ಯಾರೂ ಮತ್ತೆ ಅಳತೆಯ ಕೋಲಿನ ಮುಂದೆ ನಿಲ್ಲಬೇಕಾಗಿರಲಿಲ್ಲ.

"ದೋನ್ ತೊರಿಬಿಯೊ, ನಿಮ್ಮ ಹೆಗಲು ಹೋಯ್ತಂತಲ್ಲ. ಕಾಯಿಲೆಯವರಿಗೆ ವೈದ್ಯಕೀಯ ಪತ್ರ ಇಲ್ಲದೆ ಸರದಿ ಕೊಡೋ ಹಾಗಿಲ್ಲ."

ತೊರಿಬಿಯೊ ಎದೆಯುಬ್ಬಿಸಿ ಇರಾಸೆಮಾ ಕೊಟ್ಟ ಹಾಳೆಯನ್ನು ಮೇಜಿನ ಮೇಲಿಟ್ಟ. ಅದರಲ್ಲಿ ಅವನ ಹೆಸರು, ಅದರ ಕೆಳಗೆ "ಬಲ ಹೆಗಲು", ಅದರ ಮುಂದೆ ದಪ್ಪ ಅಕ್ಷರಗಳಲ್ಲಿ 148, ಅದರ ಕೆಳಗೆ ಆರೋಗ್ಯ ಕೇಂದ್ರದ ನೇರಳೆ ಮೊಹರು. ಸಂಖ್ಯೆಯ ತಲೆಯ ಮೇಲೆ ಡಿಗ್ರಿಯ ಸೊನ್ನೆಯೂ ಇತ್ತು. ಆದರೆ ಅದು ನೊಣ ಕೂತು ಹೋದ ಗುರುತಿನಷ್ಟು ಚಿಕ್ಕದು.

ದೋನ್ ವಿತಾಲಿನೊ ಹಾಳೆಯನ್ನು ನೋಡಿದರು, ಮೊಹರನ್ನು ನೋಡಿದರು, ಕಂಪ್ಯೂಟರನ್ನು ನೋಡಿದರು. ನೋಡದೆ ಬಿಟ್ಟದ್ದು ಎದುರಿಗೆ ನಿಂತಿದ್ದ ತೊರಿಬಿಯೊನನ್ನು ಮಾತ್ರ. ಯಂತ್ರದಲ್ಲಿ ಹಳೆಯ ಅಳತೆ ನೂರ ಮೂವತ್ತೊಂದು ಎಂದಿತ್ತು. ಸರ್ಕಾರಿ ಮೊಹರಿನ ಮುಂದೆ ಸಂಘದ ಮರದ ಕೋಲಿಗೆ ಏನು ಬೆಲೆ? ಅವರು ಹಳೆಯದನ್ನು ಅಳಿಸಿ ಹೊಸದನ್ನು ಒತ್ತಿದರು.

"ಆಯ್ತು. ಪಟ್ಟಿ ಹೊರಗೆ ಬಂದಾಗ ನೋಡಿ ಸಹಿ ಹಾಕಿ. ಸಹಿ ಆದ್ಮೇಲೆ ಬದಲಾವಣೆ ಇಲ್ಲ."

ಹತ್ತು ದಿನಗಳ ಮೇಲೆ ಇಗರ್ಜಿಯ ಬಾಗಿಲ ಬಳಿ ಪಟ್ಟಿ ಅಂಟಿಸಿದರು. ತೊರಿಬಿಯೊ ನಾಲ್ಕನೆಯ ಸರದಿಯಲ್ಲಿ ತನ್ನ ಹೆಸರು ಹುಡುಕಿದ. ಸೆಫೆರಿನೊನ ಹೆಸರು ಇತ್ತು. ಅದರ ಕೆಳಗಿನ ಜಾಗ ಖಾಲಿ. ಗಾಬರಿಯಿಂದ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ನೋಡುತ್ತ ಹೋದ. ತನ್ನ ಹೆಸರು ಎಲ್ಲಕ್ಕಿಂತ ಮೇಲೆ ಸಿಕ್ಕಿತು. ಒಂದನೆಯ ಸರದಿ. ಪಲ್ಲಕ್ಕಿ ಇಗರ್ಜಿಯ ಬಾಗಿಲಿನಿಂದ ಹೊರಬರುವ ಸರದಿ. ಗಂಟೆಗಳು ಬಾರಿಸುವಾಗ, ವಾದ್ಯದವರು ನುಡಿಸುವಾಗ, ಊರೆಲ್ಲ ಮೊಣಕಾಲೂರಿ ನೋಡುವ ಸರದಿ. ಅದನ್ನು ಊರಿನ ಅತಿ ಎತ್ತರದ ಗಂಡಸರಿಗೆ ಕೊಡುವುದು ಸಂಪ್ರದಾಯ. ತೊರಿಬಿಯೊನ ಹಿಂದೆ ಅಗ್ನಿಶಾಮಕ ದಳದ ಲೆಫ್ಟಿನೆಂಟ್; ಮುಂದೆ, ಮನೆಯ ಬಾಗಿಲುಗಳಲ್ಲಿ ಬಗ್ಗಿ ಬಗ್ಗಿ ಗೂನು ಬಂದಿದ್ದ ವಾಲಿಬಾಲ್ ಮೇಷ್ಟರು.

ಏನಾಗಿದೆ ಎಂದು ಅವನಿಗೆ ಆ ಕ್ಷಣವೇ ಅರ್ಥವಾಯಿತು. ತಪ್ಪು ಸಂಖ್ಯೆ ತಪ್ಪು ಜಾಗದಲ್ಲಿ ಕೂತಿತ್ತು. ಒಳಗಿದ್ದ ಸಂಘದ ಕಚೇರಿಗೆ ಹೋಗಿ ಹೇಳಿದರೆ ಒಂದು ನಿಮಿಷದ ಕೆಲಸ. ಅವನು ಹೇಳಲೆಂದೇ ಒಳಗೆ ಹೋದ. ಇದನ್ನು ಅವನ ಪರವಾಗಿ ದಾಖಲಿಸಬೇಕು.

ಆದರೆ ಒಳಗೆ ಆ ಲೆಫ್ಟಿನೆಂಟ್ ನಿಂತಿದ್ದ. ಅವನು ಮೇಲಿನಿಂದ ಕೈ ಇಳಿಸಿ ತೊರಿಬಿಯೊನ ಕೈ ಕುಲುಕಿದ.

"ಅಭಿನಂದನೆ ದೋನ್ ತೊರಿಬಿಯೊ! ಈ ಸಲ ನಮ್ಮ ಜೊತೆ ನೀವು!"

ದೋನ್ ವಿತಾಲಿನೊ ಕಂಪ್ಯೂಟರಿನಿಂದ ಕಣ್ಣೆತ್ತದೆ ಕೇಳಿದರು: "ಏನಾದ್ರೂ ತಪ್ಪಿದೆಯಾ?"

ತೊರಿಬಿಯೊನ ಬಾಯಿ ತೆರೆಯಿತು. "ತಪ್ಪಾ? ಏನಿಲ್ಲ, ಸರಿಯಾಗಿದೆ," ಎಂದು ಅದರಿಂದ ಹೊರಬಂತು.

ಅವನು ಸಹಿ ಹಾಕಿದ. ಮನೆಯ ದಾರಿಯಲ್ಲಿ ಮನಸ್ಸು ಚುಚ್ಚಿತು. ಮರುದಿನ ಮತ್ತೆ ಹೋದ. ಆಗ ಅಲ್ಲಿ ಐದು ಜನರಿದ್ದರು. ಐವರೂ ಅಭಿನಂದಿಸಿದರು. ಮತ್ತೆ "ಸರಿಯಾಗಿದೆ" ಎಂದು ಹೇಳಿ ಬಂದ.

ಅಂದಿನ ಊಟಕ್ಕೆ ಒತೀಲಿಯಾ ಉಪ್ಪುಮೀನು ಮತ್ತು ಕಡಲೆಯ ಸಾರು ಮಾಡಿದ್ದಳು.

"ನಿನ್ನ ಹೆಸರು ಮೇಲೆ ಹೋಗಿದೆಯಂತಲ್ಲೋ," ಎಂದ ಸೆಫೆರಿನೊ.

"ಹೂಂ ಅಣ್ಣ. ಕಂಪ್ಯೂಟರ್ ತಪ್ಪು. ಈಗ ಬದಲಾಯಿಸೋಕೆ ಆಗಲ್ಲವಂತೆ."

"ಹೋಗಿ ಕೇಳಿದ್ಯಾ?"

"ಎರಡು ಸಲ ಹೋಗಿದ್ದೆ." ಅದು ನಿಜವೇ ಆಗಿತ್ತು. ಸುಳ್ಳು ಹೇಳುವಾಗ ಜೊತೆಗೆ ಒಂದು ನಿಜವನ್ನು ನಿಲ್ಲಿಸಿಕೊಳ್ಳುವ ಜಾಣತನ ಎಲ್ಲರಲ್ಲೂ ಇರುತ್ತದೆ, ತೊರಿಬಿಯೊಗೂ ಇತ್ತು.

ಅಣ್ಣ ತಟ್ಟೆಯಲ್ಲಿದ್ದ ಮೀನಿನ ಮುಳ್ಳುಗಳನ್ನು ಒಂದೊಂದಾಗಿ ತೆಗೆದಿಟ್ಟ. ಅದನ್ನು ನೋಡಲಾರದೆ ತೊರಿಬಿಯೊ ಹೇಳಿದ: "ನೀನು ಯೋಚ್ನೆ ಮಾಡ್ಬೇಡ. ಒಂದನೇ ಸರದಿ ಮುಗಿಸಿ ಓಡಿ ಬರ್ತೀನಿ. ಮಧ್ಯೆ ಎರಡು ಬೀದಿ ಇದೆ, ಅರ್ಧ ಗಂಟೆ ಸಿಗುತ್ತೆ. ನಿನ್ನ ಹಿಂದೆ ನನ್ನ ಜಾಗ ಇಟ್ಟಿರು. ಬರ್ತೀನಿ."

"ಇಟ್ಟಿರ್ತೀನಿ," ಎಂದ ಸೆಫೆರಿನೊ.

ಗರಿಗಳ ಭಾನುವಾರ ಬಂತು. ಬೀದಿಗಳಲ್ಲಿ ಬಣ್ಣದ ಮರದ ಹೊಟ್ಟಿನ ಚಿತ್ತಾರಗಳನ್ನು ಹಾಸಿದ್ದರು. ನೇರಳೆ ನಿಲುವಂಗಿಯ ತೊರಿಬಿಯೊ ದೈತ್ಯರ ನಡುವೆ ತನ್ನ ಜಾಗದಲ್ಲಿ ನಿಂತ. ಸೀಟಿ ಮೊಳಗಿತು. ಅರವತ್ತು ಹೆಗಲುಗಳು ಎದ್ದವು. ಐವತ್ತೊಂಬತ್ತು ಎಂದು ಹೇಳುವುದು ಸರಿ; ಅರವತ್ತನೆಯದು ನೆಲದ ಹತ್ತಿರವೇ ಉಳಿಯಿತು. ಪಲ್ಲಕ್ಕಿಯ ತೊಲೆ ತೊರಿಬಿಯೊನ ಹೆಗಲನ್ನು ಬಿಟ್ಟು, ಕಿವಿಯ ಪಕ್ಕದಲ್ಲಿ ನಿಂತಿತು. ಹೆಗಲಿಗೂ ತೊಲೆಗೂ ನಡುವೆ ಹದಿನೇಳು ಸೆಂಟಿಮೀಟರ್ ಗಾಳಿ.

ಊರೆಲ್ಲ ನೋಡುತ್ತಿತ್ತು. ಏನಾದರೂ ಮಾಡಬೇಕಾಗಿತ್ತು. ಅವನು ಬಲಗೈಯನ್ನು ಎತ್ತಿದ, ಇನ್ನೂ ಎತ್ತಿದ, ತೊಲೆಯ ಮೇಲಿನ ಕೆತ್ತನೆಯಲ್ಲಿದ್ದ ಒಬ್ಬ ದೇವದೂತನ ಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡ. ದೈತ್ಯರು ಹೆಜ್ಜೆ ಹಾಕಿದರು. ಅವರ ಒಂದು ಹೆಜ್ಜೆಗೆ ಇವನಿಗೆ ಎರಡು ಬೇಕಾಗುತ್ತಿತ್ತು. ತುಂಬಿದ ಬಸ್ಸಿನ ಬಾಗಿಲಿಗೆ ನೇತುಬಿದ್ದವನ ಹಾಗೆ ಅವನು ದೇವರ ಜೊತೆ ಹೊರಟ.

"ದೋನ್ ತೊರಿಬಿಯೊ, ಮುಂದಿನ ಸ್ಟಾಪಲ್ಲಿ ಇಳೀತೀರಾ?" ಎಂದು ಯಾರೋ ಕೂಗಿದರು.

"ಪಾಪ, ಸ್ವಾಮಿಯೇ ಅವನನ್ನ ಹೊತ್ಕೊಂಡು ಹೋಗ್ತಾ ಇದಾನೆ!" ಎಂದಳು ದೋನ್ಯಾ ತಿಮೊತೆಯಾ. ಅವಳು ಗೇಲಿ ಮಾಡಿದ್ದಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡೇ ಹೇಳಿದಳು.

ಬೀದಿ ಮುಗಿಯಿತು. ಎರಡನೆಯ ಸರದಿಯವರು ಹೆಗಲು ಕೊಟ್ಟರು. ತೊರಿಬಿಯೊ ದೇವದೂತನ ಕಾಲು ಬಿಟ್ಟ. ಕೈ ಮಾತ್ರ ಕೆಳಗೆ ಬರಲಿಲ್ಲ. ಒಂದು ವರ್ಷ ಮೇಲೇಳದೆ ಹಟ ಹಿಡಿದಿದ್ದ ಹೆಗಲು ಈಗ ಕೆಳಗಿಳಿಯುವುದಿಲ್ಲವೆಂದು ಹಟ ಹಿಡಿಯಿತು. ಎಡಗೈಯಿಂದ ಎಳೆದ, ಕಣ್ಣು ಕತ್ತಲೆ ಬರುವಷ್ಟು ನೋವಾಯಿತು.

ಹೊತ್ತಿರಲಿಲ್ಲ. ಕೈ ಮೇಲೆತ್ತಿಕೊಂಡೇ ಅವನು ನಾಲ್ಕನೆಯ ಸರದಿಯ ಮೂಲೆಗೆ ಓಡಿದ. ಚಿತ್ತಾರಗಳನ್ನು ತುಳಿಯುವಂತಿಲ್ಲವಾದ್ದರಿಂದ ಹಿಂದಿನ ಓಣಿಗಳಲ್ಲಿ ಸುತ್ತಿ ಓಡಬೇಕಾಯಿತು. ಎತ್ತಿದ ಕೈ ಕಂಡು ಟ್ಯಾಕ್ಸಿಯೊಂದು ಪಕ್ಕದಲ್ಲಿ ಬಂದು ನಿಂತಿತು. ಹಣ್ಣಿನ ಪಾನಕದವನು ಲೋಟ ತುಂಬಿಸಿಕೊಟ್ಟ. ತಿರುವಿನಲ್ಲಿದ್ದ ಪೊಲೀಸಿನವನು, "ಏನ್ ದೂರು, ಹೇಳಿ," ಎಂದು ಪುಸ್ತಕ ತೆಗೆದ. ಎಲ್ಲರನ್ನೂ ತಪ್ಪಿಸಿಕೊಂಡು ಅವನು ಬೀದಿಯ ಆ ತುದಿಗೆ ಬಂದು ಜನರ ಮುಂದೆ ನಿಂತಾಗ, ಪಲ್ಲಕ್ಕಿ ಆಗಲೇ ನಾಲ್ಕನೆಯ ಸರದಿಯ ಹೆಗಲ ಮೇಲೇರಿ, ಅರ್ಧ ಬೀದಿ ದಾಟಿ ಅವನ ಕಡೆಗೇ ಬರುತ್ತಿತ್ತು.

"ಅಣ್ಣಾ! ಬಂದೆ! ಬಂದೆ ಕಣಣ್ಣಾ!"

ವಾದ್ಯದ ಸದ್ದಿನಲ್ಲಿ ಕೂಗು ಯಾರಿಗೂ ಕೇಳಲಿಲ್ಲ. ಆದರೆ ಕೈ ಎಲ್ಲರಿಗೂ ಕಂಡಿತು. ಪಲ್ಲಕ್ಕಿಯ ಮುಂದೆ ನಿಲುವಂಗಿ ತೊಟ್ಟ ಹಿರಿಯನೊಬ್ಬ ಬಲಗೈ ಎತ್ತಿ ನಿಂತರೆ, ದಾರಿಯಲ್ಲಿ ಅಡ್ಡಿಯಿದೆ, ನಿಲ್ಲಿಸಿ, ಎಂದು ಸಂಘದ ಸಂಜ್ಞೆ. ಪಲ್ಲಕ್ಕಿ ನಡೆಸುವವನು ಸೀಟಿ ಊದಿದ. ಪಲ್ಲಕ್ಕಿ ನಿಂತಿತು.

ನಿಂತಿತು ಎಂದರೆ ಇಳಿಸಿದರು ಎಂದಲ್ಲ. ಕೈ ಇಳಿಯುವವರೆಗೂ ಹೊತ್ತವರು ಭಾರವನ್ನು ಹೊತ್ತುಕೊಂಡೇ, ನಿಂತಲ್ಲೇ ತೂಗುತ್ತ ಕಾಯಬೇಕು. ಅವರು ಕಾದರು. ಕೈ ಇಳಿಯಲಿಲ್ಲ.

ದೋನ್ ವಿತಾಲಿನೊ ನಿಲುವಂಗಿ ಎತ್ತಿಕೊಂಡು ಓಡಿ ಬಂದರು. "ಏನ್ರೀ ಅಡ್ಡಿ? ಎಲ್ಲಿದೆ?"

"ಅಡ್ಡಿ ಇಲ್ಲ!"

"ಹಾಗಾದ್ರೆ ಕೈ ಇಳಿಸ್ರೀ!"

"ಇಳೀತಾ ಇಲ್ಲ ಸ್ವಾಮಿ!"

"ಇಳೀತಾ ಇಲ್ಲ ಅಂದ್ರೆ? ನಿಮ್ಮ ಕೈ ತಾನೆ?"

"ಹಿಂದೆ ಹೋಗಿ ಹೇಳಿ, ನಡೀರಿ ಅಂತ ಹೇಳಿ! ನನ್ನ ನೋಡ್ಬೇಡಿ ಅನ್ನಿ!"

"ಸಂಜ್ಞೆ ಇರೋವಾಗ ನಡೆಸೋ ಹಾಗಿಲ್ಲ, ಅದು ನಿಯಮ!" ಎಂದು ದೋನ್ ವಿತಾಲಿನೊ ಅವನ ಕೈಗೆ ಜೋತುಬಿದ್ದರು. ತೊರಿಬಿಯೊ ಕಿರುಚಿದ. ಜನರು ಅದನ್ನು ಭಕ್ತಿಯ ಕೂಗೆಂದು ತಿಳಿದು ಶಿಲುಬೆಯ ಗುರುತು ಹಾಕಿಕೊಂಡರು.

ಆಗ ತೊರಿಬಿಯೊ ಕಂಡದ್ದು ಅಣ್ಣನ ಮುಖವನ್ನು. ಮೂವತ್ತೆಂಟು ವರ್ಷ ಕತ್ತನ್ನು ನೋಡಿದ್ದ. ಭಾರದ ಕೆಳಗೆ ಆ ಮುಖ ಹೇಗಿರುತ್ತದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ. ತುಟಿಗಳು ಸೀಸದ ಬಣ್ಣಕ್ಕೆ ತಿರುಗಿದ್ದವು. ಹಿಂದೆ ಒಂದು ಜಾಗ ಖಾಲಿ ಇತ್ತು. ಅಲ್ಲಿಗೆ ಸೇರಲು ಬಂದ ಬದಲಿ ಆಳನ್ನು ಸೆಫೆರಿನೊ, "ನನ್ನ ತಮ್ಮ ಬರ್ತಾನೆ" ಎಂದು ವಾಪಸು ಕಳಿಸಿದ್ದನಂತೆ. ಆ ಖಾಲಿ ಜಾಗದ ಭಾರವನ್ನೂ ಅವನೇ ಹೊತ್ತಿದ್ದ. ತಮ್ಮನನ್ನು ಕಂಡು ಅವನು ನಕ್ಕ. ಸ್ವಲ್ಪ ಮುಂದಕ್ಕೆ ಸರಿದು, ಹಿಂದಿನ ಜಾಗವನ್ನು ಇನ್ನಷ್ಟು ಬಿಡಿಸಿ, ಬಾ ಎನ್ನುವಂತೆ ತಲೆಯಾಡಿಸಿದ.

ತೊರಿಬಿಯೊ ಹೆಜ್ಜೆ ಮುಂದಿಟ್ಟ. ದೋನ್ ವಿತಾಲಿನೊ ಹಿಡಿದುಕೊಂಡರು. "ಒಂದನೇ ಸರದಿಯವರು ನಾಲ್ಕಕ್ಕೆ ಬರೋ ಹಾಗಿಲ್ಲ!"

ಒಂದು ಇಡೀ ಶೋಕಗೀತೆ ನುಡಿಸಿ ಮುಗಿಯುವಷ್ಟು ಹೊತ್ತು ಪಲ್ಲಕ್ಕಿ ನಿಂತಲ್ಲೇ ತೂಗಿತು. ಕೊನೆಗೆ ಜನರ ನಡುವಿನಿಂದ ಇರಾಸೆಮಾ ನುಗ್ಗಿ ಬಂದಳು. ಒಂದು ಕೈಯನ್ನು ಅವನ ಹೆಗಲಿನ ಕೆಳಗಿಟ್ಟು, ಇನ್ನೊಂದರಿಂದ ಮೊಣಕೈ ಹಿಡಿದು, "ಉಸಿರು ಬಿಡಿ. ನಿಧಾನ. ನನ್ನ ಕಡೆ ನೋಡಿ," ಎನ್ನುತ್ತ, ಮಗುವನ್ನು ಮಲಗಿಸುವಂತೆ ಕೈಯನ್ನು ಇಳಿಸಿದಳು.

ಪಲ್ಲಕ್ಕಿ ಅವರ ಪಕ್ಕದಿಂದಲೇ ಹೊರಟಿತು. ನೋವಿನ ಮಂಕಿನಲ್ಲಿ, ಅಭ್ಯಾಸಬಲದಿಂದ, ತೊರಿಬಿಯೊನ ಬಾಯಿಯಿಂದ ಮಾತು ಹೊರಬಿತ್ತು: "ಎಷ್ಟಿತ್ತಮ್ಮ?"

"ನೂರ ಎಪ್ಪತ್ತಿರಬಹುದು," ಎಂದಳು ಆಕೆ. ಅಲ್ಲಿಯವರೆಗಿನ ಎಲ್ಲ ಅಳತೆಗಳಲ್ಲೂ ಅದೇ ಅತಿ ಹೆಚ್ಚಿನದು.

ಸೆಫೆರಿನೊ ಬೀದಿ ಮುಗಿಸಿದ. ಮೂಲೆಯಲ್ಲಿ ಹೆಗಲು ಬಿಟ್ಟು ಒಂದು ಮನೆಯ ಮೆಟ್ಟಿಲ ಮೇಲೆ ಕೂತ. ಒತೀಲಿಯಾ ನೀರು ಕುಡಿಸುತ್ತಿದ್ದಳು. ತೊರಿಬಿಯೊ ಬಂದು ಎದುರಿಗೆ ನಿಂತ. ಹೇಳಬೇಕಾದದ್ದು ಒಂದೇ ಮಾತು. ಅಷ್ಟರಲ್ಲಿ ಜನ ಸುತ್ತುವರಿದರು.

ಸೆಫೆರಿನೊ ಅವರಿಗೆಲ್ಲ ಹೇಳಿದ: "ನೋಡಿದ್ರೇನ್ರೋ? ನನ್ನ ತಮ್ಮ ನನಗೋಸ್ಕರ ಮೆರವಣಿಗೇನೇ ನಿಲ್ಲಿಸಿಬಿಟ್ಟ. ಬಿಷಪ್ಪರು ಬಂದ್ರೂ ನಿಲ್ಲಲ್ಲ ಅದು. ಆ ಹಾಳು ಕಂಪ್ಯೂಟರು ಮಾಡಿದ ತಪ್ಪಿಗೆ ಪಾಪ ಅವನೇನು ಮಾಡ್ತಾನೆ? ಆದ್ರೂ ಬಂದ, ನೋಡಿ."

ಅಂದಿನಿಂದ ಅವನು ಈ ಕಥೆಯನ್ನು ಕ್ಷೌರದ ಅಂಗಡಿಯಲ್ಲಿ ಹೇಳಿದ, ಸಂತೆಯಲ್ಲಿ ಹೇಳಿದ, ಆಸ್ಪತ್ರೆಯ ಬೆಂಚಿನ ಮೇಲೆ ಹೇಳಿದ. ಹೇಳಿದ ಹಾಗೆಲ್ಲ ತೊರಿಬಿಯೊ ದೊಡ್ಡವನಾಗುತ್ತ ಹೋದ, ಕಂಪ್ಯೂಟರ್ ಕೆಟ್ಟದ್ದಾಗುತ್ತ ಹೋಯಿತು. ತೊರಿಬಿಯೊ ಪಕ್ಕದಲ್ಲಿ ಕೂತು ಕಾಲಬೆರಳು ನೋಡಿಕೊಳ್ಳುತ್ತಿದ್ದ. ಈಸ್ಟರ್ ಕಳೆಯಲಿ, ಹೇಳುತ್ತೇನೆ, ಎಂದುಕೊಂಡ. ಮಳೆ ಶುರುವಾಗಲಿ, ಎಂದುಕೊಂಡ. ಪಾಪನಿವೇದನೆಗೆ ಹೋಗಿ ಪಾದ್ರಿಗಳು ಕೂತಿದ್ದ ಗೂಡಿನ ಮುಂದೆ ಮೊಣಕಾಲೂರಿದ.

"ಸ್ವಾಮಿ, ಅವ್ರು ನನ್ನ ಎತ್ತರ ಜಾಸ್ತಿ ಬರ್ಕೊಂಡ್ರು. ನಾನು ಸುಮ್ಮನಿದ್ದೆ."

"ಎಷ್ಟು ಜಾಸ್ತಿ?"

"ಹದಿನೇಳು ಸೆಂಟಿಮೀಟರು."

ಒಳಗಿನಿಂದ ನಗು ತಡೆದುಕೊಂಡ ಸದ್ದು ಬಂತು. ಆಮೇಲೆ ಪಾದ್ರಿಗಳು ಗಂಭೀರವಾಗಿ ಹೇಳಿದರು: "ಇದನ್ನ ನನಗೆ ಹೇಳಿ ಏನು ಪ್ರಯೋಜನಪ್ಪ? ನಿಮ್ಮಣ್ಣನಿಗೆ ಹೇಳು. ಅವನಿನ್ನೂ ಇದಾನಲ್ಲ."

ಹೇಳುತ್ತೇನೆ ಎಂದು ಬಂದ. ಆ ಸಂಜೆ ಅಣ್ಣ ಬಹಳ ಗೆಲುವಾಗಿದ್ದ. ಗೆಲುವಾಗಿದ್ದಾಗ ಕೆಡಿಸುವುದು ಬೇಡವೆಂದು ಬಿಟ್ಟ. ಆಮೇಲೆ ಅಣ್ಣ ಬಳಲಿದ್ದ. ಬಳಲಿದ್ದಾಗ ನೋಯಿಸುವುದು ಬೇಡವೆಂದು ಬಿಟ್ಟ. ಸೆಪ್ಟೆಂಬರಿನ ಒಂದು ಬೆಳಗ್ಗೆ ಸೆಫೆರಿನೊ ಕಾಫಿಗೆ ಏಳಲಿಲ್ಲ. ದೇವರು ಅವನ ಆತ್ಮಕ್ಕೆ ಶಾಂತಿ ಕೊಡಲಿ.

ಸತ್ತವರಿಗಾಗಿ ಹೇಳುವ ಒಂಬತ್ತನೆಯ ದಿನದ ಜಪಮಾಲೆ ಪ್ರಾರ್ಥನೆಗೆ ಜನ ಸೇರುವ ಮೊದಲು ಅಡುಗೆಮನೆಯಲ್ಲಿ ಒತೀಲಿಯಾ ಮತ್ತು ತೊರಿಬಿಯೊ ಇಬ್ಬರೇ ಇದ್ದರು. ಅವಳು ಬಟ್ಟಲುಗಳಿಗೆ ಕಾಫಿ ಬಗ್ಗಿಸುತ್ತಿದ್ದಳು.

"ಅತ್ತಿಗೆ," ಎಂದ. "ಅದು ಕಂಪ್ಯೂಟರ್ ತಪ್ಪಲ್ಲ. ನಾನು ಸರಿಮಾಡಿಸ್ಬಹುದಿತ್ತು. ಅವರು ಕೇಳಿದ್ರು. ನಾನೇ ಸರಿಯಾಗಿದೆ ಅಂದೆ."

"ಗೊತ್ತು," ಎಂದಳು ಒತೀಲಿಯಾ, ಬಗ್ಗಿಸುವುದನ್ನು ನಿಲ್ಲಿಸದೆ.

"ನಿಮಗೆ ಗೊತ್ತಾ?"

"ನಿನ್ನಣ್ಣನಿಗೂ ಗೊತ್ತಿತ್ತು. ಪಟ್ಟಿ ಅಂಟಿಸಿದ ಮೂರನೇ ದಿನ ಅವರೇ ಹೋಗಿದ್ರು, ನಿನ್ನ ಕೆಳಗೆ ತರಿಸೋಣ ಅಂತ. ವಿತಾಲಿನೊ ನಿನ್ನ ಸಹಿ ತೋರಿಸಿದ್ರಂತೆ. ಎರಡು ಸಲ ಬಂದು ಸರಿಯಾಗಿದೆ ಅಂತ ಹೇಳಿ ಹೋದ ಅಂದ್ರಂತೆ."

"ಏನಂದ? ಅಣ್ಣ ಮನೆಗೆ ಬಂದು ಏನಂದ?"

"ನಾನು ರೇಗಾಡಿದೆ. ಹೋಗಿ ನಾಲ್ಕು ಬಯ್ದು ಬರ್ತೀನಿ ಅಂದೆ. ಅವರು ಬಿಡಲಿಲ್ಲ. ಹುಟ್ಟಿದಾಗಿಂದ ಕುಳ್ಳ ಕುಳ್ಳ ಅನ್ನಿಸ್ಕೊಂಡೇ ಬಂದಿದಾನೆ ಕಣೆ, ಒಂದು ಬೀದಿಯಷ್ಟು ದೂರ ಎತ್ತರವಾಗಿರ್ಲಿ ಬಿಡು ಅಂದ್ರು." ಅವಳು ಕೊನೆಯ ಬಟ್ಟಲನ್ನು ತುಂಬಿಸಿದಳು. "ಬರ್ತೀನಿ ಅಂತ ಹೇಳಿದಾನೆ, ಬಂದೇ ಬರ್ತಾನೆ, ಅಂತಾನೂ ಅಂದ್ರು."

ಒಳಗೆ ಜನ ಸೇರಿದ್ದರು. ದೋನ್ಯಾ ತಿಮೊತೆಯಾ ಜಪಮಾಲೆ ಶುರುಮಾಡಿದಳು. ಸತ್ತವನ ಮನೆಯವರು ಮುಂದಿನ ಸಾಲಿನಲ್ಲಿ ಮೊಣಕಾಲೂರಬೇಕು. ಒತೀಲಿಯಾ ಅಲ್ಲಿಂದ ತಿರುಗಿ ನೋಡಿ ಪಕ್ಕದಲ್ಲಿ ಜಾಗ ತೋರಿಸಿದಳು. ತೊರಿಬಿಯೊ ಬಾಗಿಲ ಹತ್ತಿರವೇ, ಬೀದಿಯಿಂದ ಬಂದ ಹೊರಗಿನವರ ನಡುವೆ ಮೊಣಕಾಲೂರಿದ, ಜಪಮಾಲೆ ಮುಗಿಯುವವರೆಗೂ ಮುಂದಕ್ಕೆ ಹೋಗಲಿಲ್ಲ.